ನಕ್ಷತ್ರವನ್ನು ಅಟ್ಟದಿಂದ ಇಳಿಸಿ

ಗಾಲ್ವೇ, ಐರ್ಲೆಂಡ್
ಭಾನುವಾರ, 23 ನವೆಂಬರ್ 2025

ಪ್ರೀತಿಯ ಮಾಯ್‌ಗೆ,

ನಿನ್ನೆಯಷ್ಟೇ ಫೋನಿನಲ್ಲಿ ಅರ್ಧ ತಾಸು ಮಾತನಾಡಿದವಳು ಇವತ್ತು ಕಾಗದ ಬರೆಯಲು ಕೂತಿದ್ದಾಳೆಂದರೆ ಏನೋ ಇದೆ ಎಂದು ನಿನಗೆ ಗೊತ್ತಾಗುತ್ತದೆ. ಫೋನಿನಲ್ಲಿ ನಾವಿಬ್ಬರೂ ಮೀನಿನ ಬೆಲೆ, ನಿನ್ನ ಕಣ್ಣಿನ ಹನಿ ಔಷಧ, ಇಲ್ಲಿಯ ಮಳೆ ಇಷ್ಟರಲ್ಲೇ ಸುತ್ತುತ್ತೇವೆ. ಅಪ್ಪನ ಸುದ್ದಿ, ಪಾಯ್ ಎಂಬ ಮಾತು, ಬಂದ ಕೂಡಲೇ ನೀನು ‘ಒಲೆಯ ಮೇಲೆ ಹಾಲಿದೆ’ ಎನ್ನುತ್ತೀಯೆ. ದಿನವೂ ಅದೇ ಹೊತ್ತಿಗೆ ಹಾಲು ಹೇಗೆ ಉಕ್ಕುತ್ತದೆ ಎಂದು ನಾನು ಕೇಳಿಲ್ಲ.

ಮನೆಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ ಎಂಬುದು ಪಾಯ್ ಮಾಡಿದ ಕಾಯಿದೆ. ಕನ್ನಡ ಶಾಲೆಯ ಮಾಸ್ತರರು ಮನೆಯನ್ನೂ ತರಗತಿಯೆಂದೇ ತಿಳಿದಿದ್ದರು. ನಾನು ಹಾಸ್ಟೆಲಿನಿಂದ ಬರೆದ ಪತ್ರಗಳಿಗೆ ಅವರ ಉತ್ತರದಲ್ಲಿ ಮೊದಲು ಬರುತ್ತಿದ್ದದ್ದು ತಪ್ಪುಗಳ ಪಟ್ಟಿ, ಆಮೇಲೆ ಕ್ಷೇಮ ಸಮಾಚಾರ. ‘ಭಾನುವಾರದ ಭ ಕೆಳಗಿನ ಸೀಳು ಎಲ್ಲಿ ಹೋಯಿತು? ಸಮುದ್ರದಲ್ಲಿ ಬಿತ್ತೇ?’ ಮೇಲೆ ತಾರೀಕು ಬರೆಯುವಾಗ ಆ ಸೀಳನ್ನು ಎರಡು ಸಲ ತಿದ್ದಿದ್ದೇನೆ.

ಇದನ್ನು ನಿನಗೆ ಓದಿ ಹೇಳುವವಳು ತಂಗಿ ಪುಟ್ಟಿ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಡುವೆ ಅವಳು ನಿಲ್ಲಿಸಿದರೆ ಮುಂದೆ ಓದಿಸು.

ಇಲ್ಲಿ ಈಗ ಸಂಜೆ ನಾಲ್ಕೂವರೆಗೇ ಕತ್ತಲೆ. ನಮ್ಮಲ್ಲಿ ಮಕ್ಕಳು ಇನ್ನೂ ಕಾರವಾರದ ಕೋಡಿಬಾಗದ ದಂಡೆಯಲ್ಲಿ ಚೆಂಡು ಒದೆಯುತ್ತಿರುವ ಹೊತ್ತಿಗೆ ಇಲ್ಲಿ ಬೀದಿದೀಪ ಹತ್ತಿರುತ್ತದೆ. ನವೆಂಬರ್ ತಿಂಗಳು ಇವರಿಗೂ ಸತ್ತವರ ತಿಂಗಳು. ಇಗರ್ಜಿಯಲ್ಲಿ ಲಕೋಟೆ ಕೊಡುತ್ತಾರೆ. ತೀರಿಹೋದವರ ಹೆಸರು ಬರೆದು ಹಾಕಿದರೆ ತಿಂಗಳಿಡೀ ಅದು ಪೀಠದ ಹತ್ತಿರ ಇರುತ್ತದೆ, ಪೂಜೆಯಲ್ಲಿ ಅವರೆಲ್ಲರಿಗಾಗಿ ಪ್ರಾರ್ಥಿಸುತ್ತಾರೆ. ನಾನು ಪಾಯ್ ಹೆಸರನ್ನು ಕನ್ನಡದಲ್ಲೇ ಬರೆದು ಹಾಕಿದೆ. ಆ ಪೆಟ್ಟಿಗೆಯಲ್ಲಿ ಕನ್ನಡದ ಚೀಟಿ ಅದೊಂದೇ ಇರಬೇಕು. ಕಾಗುಣಿತ ನೋಡುವವರು ನೋಡಿಕೊಳ್ಳಲಿ.

ಈಗ ಹೇಳಬೇಕಾದ ಮಾತು. ಆಗಸ್ಟಿನಲ್ಲಿ ಸುದ್ದಿ ಬಂದಾಗ ಬಂಧುಗಳೆಲ್ಲ ಫೋನು ಮಾಡಿದರು. ‘ದೇವರ ಚಿತ್ತ, ಎಲ್ಲದಕ್ಕೂ ಸ್ತೋತ್ರ ಹೇಳು ಮಗಳೇ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಯಾವುದಕ್ಕೆ ಸ್ತೋತ್ರ? ಸುರಿಯುವ ಮಳೆಯಲ್ಲಿ, ನಡುರಾತ್ರಿ, ಎದೆನೋವಿನ ಮನುಷ್ಯನನ್ನು ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಗೋವಾಕ್ಕೆ ಓಡಬೇಕಾಗಿ ಬಂದದ್ದಕ್ಕೋ? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಮ್ಮ ಜಿಲ್ಲೆಯವರು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದಾರೆ. ಇವತ್ತಿಗೂ ಗಂಭೀರ ಕಾಯಿಲೆ ಎಂದರೆ ಕಾರವಾರದವರು ಗೋವಾಕ್ಕೆ, ಭಟ್ಕಳ ಹೊನ್ನಾವರದವರು ಮಣಿಪಾಲಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಇದರಲ್ಲಿ ದೇವರ ಚಿತ್ತಕ್ಕಿಂತ ಆಳುವವರ ಚಿತ್ತವೇ ಹೆಚ್ಚು ಕಾಣುತ್ತದೆ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 6ರ ನಡುರಾತ್ರಿ ದಾಟಿದ ಮೇಲೆ ಕುಸಿದದ್ದು ದೇವರ ಚಿತ್ತವೆಂದು ಪಾಯ್ ಒಪ್ಪಿರಲಿಲ್ಲ, ನೆನಪಿದೆಯಲ್ಲ?

ನಾನು ಬರಲಾಗಲಿಲ್ಲ. ಇಲ್ಲಿ ಇರುವ ಪರವಾನಗಿ ನವೀಕರಣಕ್ಕೆ ಹೋಗಿ ಒಂದು ಕಚೇರಿಯಲ್ಲಿ ಕೂತಿತ್ತು. ಹೊರಟರೆ ಮರಳಿ ಒಳಗೆ ಬಿಡುವ ಖಾತ್ರಿ ಇರಲಿಲ್ಲ. ಮಣ್ಣು ಹಾಕುವುದನ್ನು ಫೋನಿನಲ್ಲಿ ನೋಡಿದೆ. ಕೊಡೆಗಳ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಮೂರನೆಯ ದಿನ ಪುಟ್ಟಿ ಹೇಳಿದಳು: ‘ನೀನು ಇಲ್ಲಿ ಇದ್ದಿದ್ದರೆ ಪಾಯ್ ಸಾಯುತ್ತಿರಲಿಲ್ಲ.’

ಮಾಯ್, ಆ ಮಾತು ನಿನಗೆ ಗೊತ್ತಿರಲಿಕ್ಕಿಲ್ಲ. ಅವಳೂ ಹೇಳಿರಲಾರಳು, ನಾನೂ ಹೇಳಿಲ್ಲ. ಅದನ್ನು ಎದೆಯಲ್ಲಿಟ್ಟುಕೊಂಡು ಒಂದು ತಿಂಗಳು ನಾನು ತೆರ್ಸ್, ಜಪಮಾಲೆಯ ಪ್ರಾರ್ಥನೆ, ಮಾಡಲಿಲ್ಲ.

ತಿಂಗಳು ತುಂಬಿದಾಗ ಇಲ್ಲಿಯೂ ಪೂಜೆ ಹೇಳಿಸಿದೆ. ತಿಂಗಳ ಪೂಜೆ ಇವರಲ್ಲೂ ಉಂಟು, ನಮ್ಮ ಹಾಗೆಯೇ. ಪಾದ್ರಿ ಓದಿದ ಭಾಗ ಯೋವಾನ್ನನ ಹನ್ನೊಂದನೆಯ ಅಧ್ಯಾಯ, ಸತ್ತು ಗವಿಯಲ್ಲಿಟ್ಟ ಲಾಜರನನ್ನು ಯೇಸು ಬದುಕಿಸಿದ್ದು. ಬೆಥಾನಿಯದ ಮರಿಯ ಬಂದು ಯೇಸುವಿನ ಕಾಲಿಗೆ ಬೀಳುತ್ತಾಳೆ: ನೀವು ಇಲ್ಲಿ ಇದ್ದಿದ್ದರೆ ನನ್ನ ಅಣ್ಣ ಸಾಯುತ್ತಿರಲಿಲ್ಲ. ನಾನು ಬೆಂಚು ಹಿಡಿದುಕೊಂಡೆ. ಪುಟ್ಟಿಯದೇ ಮಾತು, ಅಕ್ಷರ ಬಿಡದೆ! ಮನೆಗೆ ಬಂದು ಪಾಯ್ ಕೊಟ್ಟ ಬೈಬಲ್ ತೆಗೆದರೆ ಮೇಲೆ 21ನೆಯ ವಚನದಲ್ಲಿ ಮಾರ್ತಳೂ ಅದನ್ನೇ ಹೇಳಿದ್ದಾಳೆ. ಅಕ್ಕತಂಗಿ ಇಬ್ಬರೂ ಬೇರೆ ಬೇರೆಯಾಗಿ ಬಂದು ಒಂದೇ ಆಕ್ಷೇಪಣೆ ಎತ್ತಿದ್ದಾರೆ. ಯೇಸು ಇಬ್ಬರನ್ನೂ ಗದರಿಸಲಿಲ್ಲ; ದೇವರ ಚಿತ್ತ, ಸುಮ್ಮನಿರಿ ಎನ್ನಲಿಲ್ಲ. 35ರಲ್ಲಿ ಅತ್ತಿದ್ದಾರೆ. 41ರಲ್ಲಿ ಕಣ್ಣೆತ್ತಿ ತಂದೆಗೆ ಕೃತಜ್ಞತೆ ಹೇಳಿದ್ದಾರೆ. ನಡುವೆ ಇರುವುದು ಐದೇ ವಚನ. ಕೃತಜ್ಞತೆ ಹೇಳುವಾಗ ಲಾಜರನು ಇನ್ನೂ ಗವಿಯ ಒಳಗೇ ಇದ್ದ. ಅಷ್ಟು ವರ್ಷ ಕೇಳಿದ ಕತೆಯಲ್ಲಿ ಇದನ್ನು ನಾನು ಗಮನಿಸಿರಲಿಲ್ಲ. ಅಳುವನ್ನು ನುಂಗಿಕೊಂಡು ಸ್ತೋತ್ರ ಹೇಳು ಎಂದವರ ಮೇಲಿನ ನನ್ನ ಸಿಟ್ಟು ತಪ್ಪಲ್ಲ ಎಂದು ಆ ರಾತ್ರಿ ಮೊದಲ ಸಲ ನಿದ್ದೆ ಬಂತು.

ಆದರೂ ನನ್ನ 41ನೆಯ ವಚನ ಬಂದಿರಲಿಲ್ಲ. ಅದು ಬಂದದ್ದು ಅಕ್ಟೋಬರಿನಲ್ಲಿ, ರಾತ್ರಿ ಪಾಳಿಯಲ್ಲಿ.

ನಾನು ಕೆಲಸ ಮಾಡುವ ವೃದ್ಧರ ಆರೈಕೆ ಮನೆಯಲ್ಲಿ ಒಬ್ಬ ಅಜ್ಜ. ಹೆಸರು ಬರೆಯುವಂತಿಲ್ಲ. ಕೊನೆಮರ ಎಂಬ ಕಡಲಂಚಿನ ಕಡೆಯವರು, ಅಲ್ಲಿ ಇಂದಿಗೂ ಐರಿಷ್ ಭಾಷೆ ಮಾತನಾಡುತ್ತಾರೆ. ಕೊನೆಯ ವಾರ ಅವರಿಗೆ ಇಂಗ್ಲಿಷ್ ಮರೆತುಹೋಯಿತು, ಹುಟ್ಟಿನ ಭಾಷೆ ಮಾತ್ರ ಉಳಿಯಿತು. ಮಗ ಆಸ್ಟ್ರೇಲಿಯದಲ್ಲಿ. ವಿಮಾನ ಸಿಕ್ಕಿದೆ, ಆದರೆ ಹೊತ್ತಿಗೆ ಸರಿಯಾಗಿ ಬಂದು ಮುಟ್ಟುವುದಿಲ್ಲ ಎಂದು ನಮಗೆಲ್ಲ ತಿಳಿದಿತ್ತು. ನಾನು ಅವರ ಹಾಸಿಗೆಯ ಪಕ್ಕ ಕೂತೆ. ಮೇಜಿನ ಮೇಲೆ ಮೇಣದಬತ್ತಿ, ಬ್ಯಾಟರಿಯದು. ಆಮ್ಲಜನಕ ಇರುವ ಕಡೆ ಬೆಂಕಿ ಹಚ್ಚುವಂತಿಲ್ಲವಲ್ಲ. ಪ್ಲಾಸ್ಟಿಕ್ ಬತ್ತಿಯ ತುದಿಯಲ್ಲಿ ಹಳದಿ ಬಲ್ಬು ನಡುಗುವಂತೆ ನಟಿಸುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತಿತ್ತು. ಅವತ್ತು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಊರು ಕೇರಿ ಗೊತ್ತಿಲ್ಲದ ಈ ಮುದುಕನಿಗೆ ನಾನಿದ್ದೇನೆ, ನನ್ನ ಪಾಯ್‌ಗೆ ಇರಲಿಲ್ಲ ಎಂದು. ಹೊಟ್ಟೆಕಿಚ್ಚು ಪಡುತ್ತಲೇ ಹತ್ತಿಯನ್ನು ನೀರಿನಲ್ಲಿ ಅದ್ದಿ ಅವರ ಒಣಗಿದ ತುಟಿಗೆ ಒತ್ತಿದೆ. ಅವರು ಕಣ್ಣು ತೆರೆಯದೆ ಏನೋ ಅಂದರು. ನನ್ನ ಕಿವಿಗೆ ಬಿದ್ದದ್ದು ‘ಗುರ ಮಾ ಅಗತ್’. ಆಮೇಲೆ ಜೊತೆಯ ನರ್ಸನ್ನು ಕೇಳಿದೆ. ಇವರ ಭಾಷೆಯಲ್ಲಿ ಧನ್ಯವಾದ ಹೇಳುವುದು ಹಾಗಂತೆ. ಮಾತಿನ ಅರ್ಥ ಮಾತ್ರ ‘ನಿನಗೆ ಒಳ್ಳೆಯದಾಗಲಿ’.

ನಾವು ಹೇಳುವುದೂ ಅದೇ ಅಲ್ಲವೇ ಮಾಯ್? ದೇವ್ ಬರೆಂ ಕರುಂ. ದೇವರು ಒಳ್ಳೆಯದು ಮಾಡಲಿ. ಕೊಟ್ಟದ್ದರ ಲೆಕ್ಕವಿಲ್ಲ ಅದರಲ್ಲಿ, ಕೊಟ್ಟವರ ಕಡೆಗೆ ತಿರುಗಿದ ಮುಖ ಮಾತ್ರ ಇದೆ.

ಬೆಳಗಿನ ಜಾವ ಅಜ್ಜ ಹೋದರು. ಕಿಟಕಿ ತೆರೆದೆವು, ಆತ್ಮ ಹೊರಗೆ ಹೋಗಲಿ ಎಂದು ಇಲ್ಲಿಯ ರೂಢಿ. ಮಗ ಎರಡನೆಯ ದಿನ ಬಂದರು. ನನ್ನ ಕೈ ಹಿಡಿದು ಅಪ್ಪ ಒಬ್ಬರೇ ಇರಲಿಲ್ಲವಲ್ಲ, ಅಷ್ಟು ಸಾಕು ಎಂದರು. ಆಗ ತಲೆಗೆ ಹೊಳೆಯಿತು. ಪಾಯ್ ಕೂಡ ಒಬ್ಬರೇ ಇರಲಿಲ್ಲ. ಆಂಬುಲೆನ್ಸಿನಲ್ಲಿ ಪುಟ್ಟಿ ಇದ್ದಳು.

ಎರಡು ತಿಂಗಳು ನಾನು ಅವಳ ಆ ಒಂದು ವಾಕ್ಯವನ್ನೇ ಹಿಡಿದು ಕೂತಿದ್ದೆ, ಅವಳನ್ನು ಬಿಟ್ಟು. ಪಾಯ್ ತಲೆ ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳು. ‘ಸೇತುವೆ ದಾಟಿದೆವೇ?’ ಎಂದು ಅವರು ಕೇಳಿದಾಗ ‘ದಾಟಿದೆವು, ಮಾಜಾಳಿಯೂ ಬಂತು’ ಎಂದವಳು ಅವಳು. ಗೋವಾದ ಕಾಣಕೋಣಕ್ಕಿಂತ ಮೊದಲೇ ಉಸಿರು ನಿಂತಿತು, ಹಾಗೆಯೇ ಕೂತು ಮುಂದಿನ ದಾರಿಯೆಲ್ಲ ಹೋದವಳು, ತಿರುಗಿ ಬಂದವಳು. ನರ್ಸ್ ಆಗಿ ಹೇಳುತ್ತೇನೆ, ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ನಾನಿದ್ದರೂ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೂ ನಾನಿರಬೇಕಿತ್ತು, ಅದಕ್ಕೆ ಸಮಾಧಾನವಿಲ್ಲ. ಪುಟ್ಟಿ, ನೀನಿದ್ದೆ. ದೇವ್ ಬರೆಂ ಕರುಂ. ಫೋನಿನಲ್ಲಿ ಇದನ್ನು ಹೇಳಿದರೆ ನೀನೂ ಮಾಯ್‌ಯಂತೆ ಹಾಲು ಉಕ್ಕಿಸಿಬಿಡುತ್ತೀಯೆ ಎಂದು ಕಾಗದದಲ್ಲಿ ಬರೆದಿದ್ದೇನೆ.

ಆಂಬುಲೆನ್ಸ್ ಚಾಲಕನ ಮನೆ ಎಲ್ಲಿ ಎಂದು ವಿಚಾರಿಸಿ. ತಿರುಗಿ ಬರುವಾಗ ಬಾಡಿಗೆ ಬೇಡವೆಂದವರು ಅವರು. ನಾನು ಕಳಿಸಿದ ಹಣದಲ್ಲಿ ಅವರ ಮಕ್ಕಳಿಗೆ ಏನಾದರೂ ಕೊಡಿ. ಡಿಸೆಂಬರ್ 3ಕ್ಕೆ ಚಂದಾವರದ ಹಬ್ಬ. ಈ ಕಾಗದ ಅಷ್ಟರೊಳಗೆ ತಲುಪುತ್ತದೋ ಇಲ್ಲವೋ. ಹೋಗುವುದಾದರೆ ಸಂತ ಫ್ರಾನ್ಸಿಸ್ ಝೇವಿಯರರ ಮುಂದೆ ನನ್ನ ಪಾಲಿನದೊಂದು ಮೇಣದಬತ್ತಿ. ಅಲ್ಲಿಗೆ ಬರುವ ಎಲ್ಲ ಜಾತಿಮತದವರ ನೂಕುನುಗ್ಗಲಲ್ಲಿ ಪಾಯ್ ನಮ್ಮಿಬ್ಬರನ್ನೂ ಒಂದೇ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಇನ್ನೊಂದು ಕೈಯಲ್ಲಿ ಕೊಡೆ, ಡಿಸೆಂಬರಿನಲ್ಲಿಯೂ.

ಈ ವರ್ಷ ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಇಲ್ಲ, ತೂಗುವ ನಕ್ಷತ್ರವೂ ಇಲ್ಲ ಎಂದೆಯಲ್ಲ. ಕುಸ್ವಾರಿನ ಮಾತು ನಿನಗೇ ಬಿಟ್ಟೆ. ನೆರೆಯವರು ತಟ್ಟೆ ಕಳಿಸಿಯೇ ಕಳಿಸುತ್ತಾರೆ, ಬೇಡ ಎನ್ನದೆ ತಿನ್ನು. ನಕ್ಷತ್ರದ ಮಾತು ಬೇರೆ. ಇಲ್ಲಿ ಡಿಸೆಂಬರ್ 24ರ ರಾತ್ರಿ ಕಿಟಕಿಯಲ್ಲಿ ಮೇಣದಬತ್ತಿ ಇಡುತ್ತಾರೆ, ಮರಿಯಮ್ಮ ಮತ್ತು ಜೋಸೆಫರು ಜಾಗ ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಜಾಗ ಇದೆ ಎಂದು ತಿಳಿಯಲಿ ಎಂದು. ಸಾವಾದ ಮನೆಯವರೂ ಇಡುತ್ತಾರೆಯೇ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾನೂ ಇಡುತ್ತೇನೆ. ಮನೆಯೊಡತಿ ಬೆಂಕಿಗೆ ಹೆದರುವುದರಿಂದ ನನ್ನದೂ ಬ್ಯಾಟರಿಯದೇ!

ಪಾಯ್ ಬಿದಿರಿನ ಕಡ್ಡಿಯಲ್ಲಿ ಕಟ್ಟಿದ ಚೌಕಟ್ಟು ಅಟ್ಟದಲ್ಲಿ ಹಳೆಯ ಬಲೆಯ ಹಿಂದೆ ಇದೆ. ಒಂದು ಮೂಲೆಯ ದಾರ ಸಡಿಲವಾಗಿತ್ತು, ಬಿಗಿದು ಕಟ್ಟು ಪುಟ್ಟಿ. ಕಾಗದಕ್ಕೆ ಮೈದಾ ಅಂಟೇ ಸಾಕು, ಅದಕ್ಕೆ ಚೂರು ಮೈಲುತುತ್ತು ಹಾಕದಿದ್ದರೆ ಜಿರಲೆ ತಿನ್ನುತ್ತದೆ, ಕೈ ತೊಳೆದುಕೋ. ಹೋಲ್ಡರ್ ಹೋದ ವರ್ಷವೇ ಸುಟ್ಟಿದೆ, ಹೊಸದು ತರಬೇಕು. ದೊಡ್ಡ ಬಲ್ಬು ಹಾಕಬೇಡ, ಐದು ವ್ಯಾಟಿನ ಎಲ್‌ಇಡಿ ಸಾಕು. ತೆಂಗಿನ ಮರಕ್ಕೆ ಕಟ್ಟುವಾಗ ರಸ್ತೆಯ ಕಡೆಗೆ ತಿರುಗಿಸಿ ಕಟ್ಟು, ಹಿಂದಿನ ಸಲ ನೀನು ಬಾವಿಯ ಕಡೆಗೆ ಕಟ್ಟಿ ಬೈಸಿಕೊಂಡಿದ್ದೆ.

ನಿನ್ನ ಮಗಳು