ಅಜ್ಜನ ಜೋಡಿ ನಳಿಗೆ ಕೋವಿಯ ವಿಷಯವಾಗಿ ಅಪ್ಪನಿಗೆ

ಬರ್ಮಿಂಗ್‌ಹ್ಯಾಮ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗನ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವೂ ಅವ್ವನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಅಜ್ಜನ ಜೋಡಿ ನಳಿಗೆ ಕೋವಿಯನ್ನು ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ ಪಾಲಿಶ್ ಮಾಡಿಸಿ, ನಳಿಗೆಗಳಿಗೆ ಹೊಸದಾಗಿ ಕಪ್ಪು ಹಾಕಿಸಿ, ಈ ವರ್ಷ ಅದರಿಂದಲೇ ತೆಂಗಿನಕಾಯಿಗೆ ಗುಂಡು ಹೊಡೆಯಬೇಕೆಂಬ ನಿಮ್ಮ ಆಸೆಯನ್ನು ಓದಿದೆ. ಈ ಪತ್ರವನ್ನು ಪೂರ್ತಿ ಓದುವವರೆಗೆ ಕೋವಿಯನ್ನು ದಯವಿಟ್ಟು ಯಾರ ಕೈಗೂ ಕೊಡಬೇಡಿ. ಹಳೆಯ ಇಂಗ್ಲಿಷ್ ಕೋವಿಯಿಂದ ಒಮ್ಮೆ ಉಜ್ಜಿ ತೆಗೆದ ಲೋಹವನ್ನು ಯಾವ ಕುಶಲಕರ್ಮಿಯೂ ಮತ್ತೆ ಕೂಡಿಸಲಾರ.

ನಮ್ಮ ಕೋವಿಯ ಮೇಲೆ ಗ್ರೀನರ್ ಎಂಬ ಹೆಸರಿದೆಯಲ್ಲವೇ, ಆ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ ಈ ಊರಿನಲ್ಲೇ ಕೋವಿ ತಯಾರಿಸುತ್ತಿದ್ದವರು. ಇಲ್ಲಿ ಸ್ಟೀಲ್‌ಹೌಸ್ ಲೇನ್ ಮತ್ತು ಲವ್‌ಡೇ ಸ್ಟ್ರೀಟ್‌ಗಳ ಸುತ್ತಲಿನ ಪ್ರದೇಶವನ್ನು ಇಂದಿಗೂ ಗನ್ ಕ್ವಾರ್ಟರ್ ಎಂದೇ ಕರೆಯುತ್ತಾರೆ. 1960ರ ದಶಕದಲ್ಲಿ ರಿಂಗ್ ರೋಡಿಗಾಗಿ ಅದರ ಬಹುಭಾಗವನ್ನು ಕೆಡವಿದರು. ಉಳಿದಿರುವ ಕಟ್ಟಡಗಳು ಕೆಲವೇ. ನಳಿಗೆ ಅರೆಯುವವನು, ಬೀಗದ (ಗುಂಡು ಹಾರಿಸುವ ಯಂತ್ರಭಾಗದ) ಕೆಲಸದವನು, ಮರದ ಹಿಡಿ ಕೂಡಿಸುವವನು, ಕೆತ್ತನೆಯವನು, ಹೀಗೆ ಒಂದೊಂದು ಕೋವಿಯೂ ಈ ಬೀದಿಗಳ ಹಲವು ಕೈಗಳನ್ನು ದಾಟಿ ಬರುತ್ತಿತ್ತು. ನನಗೆ ಪರಿಚಯವಿರುವ ಸಂಗ್ರಾಹಕರೊಬ್ಬರು 1890ರ ದಶಕದ, ಅದೇ ಗ್ರೀನರ್ ತಯಾರಿಕೆಯ, 12 ಬೋರಿನ (ಬೋರು ಎಂದರೆ ನಳಿಗೆಯ ಒಳವ್ಯಾಸ) ಕೋವಿಯೊಂದನ್ನು ಇತ್ತೀಚೆಗೆ ದುರಸ್ತಿ ಮಾಡಿಸಿದರು. ಕೆಲಸ ನಡೆಯುವಾಗ ಅವರೊಂದಿಗೆ ಕಾರ್ಯಾಗಾರಕ್ಕೆ ಹೋಗಿ ನೋಡುವ ಅವಕಾಶ ನನಗೂ ದೊರೆಯಿತು.

ಆ ಕೋವಿಯ ನಳಿಗೆಗಳು ಡಮಾಸ್ಕಸ್ ಬಗೆಯವು. ಕಬ್ಬಿಣ ಮತ್ತು ಉಕ್ಕಿನ ಪದರಗಳನ್ನು ಸೇರಿಸಿ ಸರಳು ಮಾಡಿ, ಆ ಸರಳುಗಳನ್ನು ಹುರಿಗೊಳಿಸಿ, ಎರಡು ಮೂರನ್ನು ಜೋಡಿಸಿ ಪಟ್ಟಿಯಾಗಿ ಬೆಸೆದು, ಆ ಪಟ್ಟಿಯನ್ನು ಒಂದು ದಿಂಡಿನ ಸುತ್ತ ಸುತ್ತಿ, ಚೆನ್ನಾಗಿ ಕಾಯಿಸಿ ಬಡಿದು ಒಂದಾಗಿಸಿದ ನಳಿಗೆಗಳು ಅವು. ಆ ಹುರಿಯೇ ಹೊರಮೈಯಲ್ಲಿ ಸುರುಳಿ ಸುರುಳಿ ನಕ್ಷೆಯಾಗಿ ಕಾಣುತ್ತದೆ. ಈ ನಕ್ಷೆಯನ್ನು ಎಬ್ಬಿಸುವ ಕೆಲಸಕ್ಕೆ ಇಲ್ಲಿ ಬ್ರೌನಿಂಗ್ ಎನ್ನುತ್ತಾರೆ. ಆಮ್ಲದ ದ್ರಾವಣವನ್ನು ತೆಳುವಾಗಿ ಸವರಿ, ಹದವಾದ ತುಕ್ಕು ಬರುವಂತೆ ಬಿಟ್ಟು, ಬಿಸಿನೀರಿನಲ್ಲಿ ತೊಳೆದು, ನವುರಾದ ತಂತಿಯ ಬ್ರಷ್ಷಿನಿಂದ ಉಜ್ಜಿ, ಮತ್ತೆ ಮೊದಲಿನಿಂದ ಸವರುತ್ತಾ ದಿನಗಟ್ಟಲೆ ಮಾಡುವ ಕೆಲಸವದು. ಕಬ್ಬಿಣ ಮತ್ತು ಉಕ್ಕು ಬೇರೆ ಬೇರೆ ಬಣ್ಣ ಹಿಡಿಯುವುದರಿಂದ ನಕ್ಷೆ ಮೇಲೇಳುತ್ತದೆ. ಅದನ್ನು ಮೊದಲ ಸಲ ಬೆಳಕಿಗೆ ಹಿಡಿದು ನೋಡಿದಾಗ ಲೋಹದಲ್ಲಿ ಇಷ್ಟು ಸೊಬಗಿರಬಹುದೇ ಎಂದು ನಾನು ಬೆರಗಾದೆ. ಅಜ್ಜನ ಕೋವಿಯಲ್ಲೂ ಮಾಸಿದ ಕಂದು ಬಣ್ಣದಡಿ ಇಂಥದೇ ಗೆರೆಗಳಿವೆಯೇ ಎಂದು ಹಗಲಿನ ಬೆಳಕಿನಲ್ಲಿ ನೋಡಿ ತಿಳಿಸಿ.

ನೀವು ಹೇಳಿದ ಕಪ್ಪು ಹಾಕುವ ಕೆಲಸವನ್ನು ನಾನು ಬೇಡವೆನ್ನುವುದಕ್ಕೆ ಬಲವಾದ ಕಾರಣವಿದೆ. ಇಂದಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಳಿಗೆಯನ್ನು ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಅದ್ದಿ ಕಪ್ಪಾಗಿಸುತ್ತಾರೆ. ಜೋಡಿ ನಳಿಗೆ ಕೋವಿಯಲ್ಲಿ ಎರಡು ನಳಿಗೆಗಳ ನಡುವಿನ ಪಟ್ಟಿಗಳನ್ನು ಸೀಸ ಮತ್ತು ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಆ ಬಿಸಿ ಕ್ಷಾರ ಬೆಸುಗೆಯನ್ನೇ ತಿಂದುಹಾಕುತ್ತದೆ. ಕಪ್ಪಿಗೆ ಮುಂಚೆ ಪಾಲಿಶ್ ಚಕ್ರಕ್ಕೆ ಹಿಡಿದರಂತೂ ಕೆತ್ತನೆ ಸವೆಯುತ್ತದೆ, ಚೂಪಾದ ಅಂಚುಗಳು ದುಂಡಗಾಗುತ್ತವೆ, ನಳಿಗೆಯ ಗೋಡೆ ತೆಳುವಾಗುತ್ತದೆ. ಇಲ್ಲಿಯ ಕುಶಲಕರ್ಮಿಗಳು ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಹೇಳುತ್ತಾರೆ. ಒಳಗೆ ತುಕ್ಕಿನ ಗುಳಿಗಳಿದ್ದರೂ ಅಳೆದು ನೋಡದೆ ಯಾರೂ ಕೈಹಾಕುವುದಿಲ್ಲ, ಏಕೆಂದರೆ ಒಳಗಿನಿಂದ ಉಜ್ಜಿದಷ್ಟೂ ಬೋರು ಹಿಗ್ಗುತ್ತದೆ. 12 ಬೋರಿನ ಅಳತೆ 0.729 ಇಂಚು. 12 ಎಂಬ ಗುರುತಿರುವ ಹಳೆಯ ಕೋವಿಯ ಬೋರು 0.740 ಇಂಚಿಗೆ ಬಂದಿತೆಂದರೆ ಅದರ ಪರೀಕ್ಷೆಯ ಮುದ್ರೆ ಊರ್ಜಿತವಲ್ಲ, ಹಾಗೆಯೇ ಮಾರುವುದು ಇಲ್ಲಿ ಅಪರಾಧ.

ಆ ಮುದ್ರೆಯ ವಿಷಯವನ್ನು ನೀವು ತಿಳಿಯಲೇಬೇಕು. ಬ್ಯಾನ್‌ಬರಿ ಸ್ಟ್ರೀಟಿನಲ್ಲಿ 1813ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದ ಪ್ರೂಫ್ ಹೌಸ್ ಇದೆ, ಇಂದಿಗೂ ಕೆಲಸ ಮಾಡುತ್ತಿದೆ. ಪ್ರತಿ ನಳಿಗೆಯಲ್ಲೂ ಮಾಮೂಲಿಗಿಂತ ಬಹಳ ಬಲವಾದ ಮದ್ದು ಹಾರಿಸಿ, ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ನಳಿಗೆಗಳ ಕೆಳಗಿನ ಮುಂಗೈ ಮರವನ್ನು ಕಳಚಿ ನಳಿಗೆಗಳನ್ನು ಬಿಡಿಸಿದರೆ ಅಡಿಯ ಚಪ್ಪಟೆ ಜಾಗದಲ್ಲಿ ಈ ಮುದ್ರೆಗಳು ಸಿಗುತ್ತವೆ. ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡಗಳಿದ್ದರೆ ಕೋವಿ 1904ಕ್ಕಿಂತ ಹಿಂದಿನದು, ಬಹುಪಾಲು ಕರಿಮದ್ದಿಗಷ್ಟೇ ಪರೀಕ್ಷೆಯಾದದ್ದು. ಕಿರೀಟದಡಿ ಎನ್, ಪಿ ಅಕ್ಷರಗಳಿದ್ದರೆ ಇಂದಿನ ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆಯಾಗಿದೆ. ಪಾಲಿಶ್ ಚಕ್ರ ಈ ಮುದ್ರೆಗಳನ್ನು ಅಳಿಸಿದರೆ ಕೋವಿಯ ಜಾತಕವೇ ಹೋದಂತೆ. ನನ್ನ ಪರಿಚಿತರು ದುರಸ್ತಿಯ ನಂತರ ತಮ್ಮ ಕೋವಿಯನ್ನು ಮತ್ತೆ ಪ್ರೂಫ್ ಹೌಸಿಗೆ ಕೊಟ್ಟರು. ಅಲ್ಲಿ ನಳಿಗೆ ಒಡೆದರೆ ನಷ್ಟ ಮಾಲೀಕನದೇ. ಅವರದು ಗೆದ್ದು ಬಂತು.

ತೋಟೆಯ ಮಾತು ಎಲ್ಲಕ್ಕಿಂತ ಮುಖ್ಯ. ಹಳೆಯ ಇಂಗ್ಲಿಷ್ ಕೋವಿಗಳ ತೋಟೆಯ ಮನೆ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ, ಸಾಮಾನ್ಯವಾಗಿ ಎರಡೂವರೆ ಇಂಚಿನದು. ಇಂದು ಹೆಚ್ಚಾಗಿ ಸಿಗುವ 70 ಮಿಲಿಮೀಟರ್ ತೋಟೆ ಅದರಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ ಉದ್ದವನ್ನು ಅಳೆಯುವುದು ತೋಟೆ ಹಾರಿ ಬಾಯಿ ಬಿಚ್ಚಿಕೊಂಡ ಮೇಲೆ. ಕೂತಿತೆಂದು ಹಾರಿಸಿದರೆ ಬಿಚ್ಚಿದ ಬಾಯಿಗೆ ಜಾಗ ಸಾಲದೆ ಒತ್ತಡ ಏರುತ್ತದೆ. ತೋಟೆಯ ಮನೆಯ ಉದ್ದವನ್ನು ನಳಿಗೆಯ ಮೇಲೆ ನಮೂದಿಸುವ ಕ್ರಮ ಬಂದದ್ದು 1925ರಲ್ಲಿ, ಆದ್ದರಿಂದ ಅದಕ್ಕಿಂತ ಹಳೆಯದನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಅಳತೆ ಮಾಡಿಸಲೇಬೇಕು.

ಮರದ ಹಿಡಿಗೆ ವಾರ್ನಿಷ್ ಬಳಿಸಬೇಡಿ. ಅದು ವಾಲ್‌ನಟ್ ಮರ. ತಗ್ಗುಗಳ ಮೇಲೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿಯ ಬಿಸಿ ತಾಗಿಸಿದರೆ ನಾರು ತಾನೇ ಉಬ್ಬಿ ಮೇಲೇಳುತ್ತದೆ. ಆಮೇಲೆ ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳುವಾಗಿ ತಿಕ್ಕಿ, ಒಣಗಿದ ಮೇಲೆ ಮತ್ತೆ ತಿಕ್ಕಿದರೆ ಸಾಕು. ನಮ್ಮ ಮಳೆಗಾಲಕ್ಕೆ ಹೆದರಿ ಬೀಗಕ್ಕೆ ಧಾರಾಳವಾಗಿ ಎಣ್ಣೆ ಹಾಕುವುದು ಮನೆಯ ಅಭ್ಯಾಸವೆಂದು ಬಲ್ಲೆ, ಆದರೆ ನೆಟ್ಟಗೆ ನಿಲ್ಲಿಸಿದ ಕೋವಿಯಲ್ಲಿ ಆ ಎಣ್ಣೆ ಇಳಿದು ಮರದ ಹಿಡಿಯ ಮೇಲ್ತುದಿಯನ್ನು ಮೆತ್ತಗೆ ಮಾಡುತ್ತದೆ. ನಳಿಗೆಯ ಬಾಯಿ ಕೆಳಗಾಗಿರುವಂತೆ ಇಡಿಸಿ.

ಇಲ್ಲಿಗೆ ಕಳುಹಿಸಿ ಮಾಡಿಸಬಹುದೇ ಎಂದು ಕೇಳಿದ್ದಿರಿ. ಎರಡೂ ದೇಶಗಳ ಅನುಮತಿ ಬೇಕಾಗುತ್ತದೆ. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಲು ನಮ್ಮ ಕೊಡಗಿನವರಿಗಿರುವ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. 12 ಬೋರಿಗೆ ಇಂದೂ ತೋಟೆ ಸಿಗುವುದರಿಂದ, ಹಾರಿಸಲು ಬಳಸುವ ಕೋವಿ ಎಷ್ಟೇ ಹಳೆಯದಾದರೂ ಅದನ್ನು ಇಟ್ಟುಕೊಳ್ಳಲು ಪೊಲೀಸರ ಪ್ರಮಾಣಪತ್ರ ಬೇಕು. ಆ ಯೋಚನೆ ಬಿಡುವುದೇ ಲೇಸು.

ಈ ಸಲದ ಕೈಲ್ ಮುಹೂರ್ತಕ್ಕೆ ಅಜ್ಜನ ಕೋವಿಯನ್ನು ಇರುವಂತೆಯೇ ಒರೆಸಿ, ತೋಕ್ ಪೂ (ಕೋವಿ ಹೂವು) ಇಟ್ಟು ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಪೂಜೆಗಿಡಿ. ತೆಂಗಿನಕಾಯಿಗೆ ನಿಮ್ಮ ಹೊಸ ಕೋವಿ ಇದ್ದೇ ಇದೆ. ನಳಿಗೆಗಳ ಅಡಿಯ ಮುದ್ರೆಗಳ ಫೋಟೋವನ್ನು ತಮ್ಮನಿಂದ ತೆಗೆಸಿ ಕಳುಹಿಸಿದರೆ ಇಲ್ಲಿ ತಿಳಿದವರಿಗೆ ತೋರಿಸಿ, ಮುಂದೇನು ಮಾಡಬಹುದೆಂದು ಬರೆಯುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗ