ದೋಣಿ ಬಿಡದೆ ಹಿಡಿದುಕೊಂಡವನ ತಪ್ಪೇನು?

ಪ್ರಿಯ ಗೆಳೆಯ,

‘ಆರ್ಡಿನರಿ ಪೀಪಲ್’ ಓದಿ ಮುಗಿಸಿದೆ ಅಂತ ನಿನ್ನ ಮೆಸೇಜ್ ಬಂತು. ಇಂಥ ಕಲ್ಲೆದೆಯ ತಾಯಿಯನ್ನು ಯಾವ ಕಾದಂಬರಿಯಲ್ಲೂ ನೋಡಿಲ್ಲ ಅಂದಿದ್ದೀಯ. ಉದ್ದಕ್ಕೂ ಬೆತ್‌ಳನ್ನೇ ಬೈದಿದ್ದೀಯ. ಅವಳ ಮಗ ಕಾನ್ರಾಡ್ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಅದೇ ಕೊರೆಯುತ್ತಿದೆ. ಪತ್ರ ಬರೆದರೆ ಎಲ್ಲರೂ ಓದುವ ಹಾಗೆ ಹಾಕು, ನನ್ನಂಥವರು ಇನ್ನೂ ಇರ್ತಾರೆ ಅಂತ ನೀನೇ ಹೇಳಿದ್ದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ಇದು ಜುಡಿತ್ ಗೆಸ್ಟ್ ಅವರ ಮೊದಲ ಕಾದಂಬರಿ, ಬಂದದ್ದು 1976ರಲ್ಲಿ. ಕಥೆ ನಡೆಯುವುದು ಷಿಕಾಗೋ ಹತ್ತಿರದ ಲೇಕ್ ಫಾರೆಸ್ಟ್‌ನಲ್ಲಿ. ಅಣ್ಣ ತಮ್ಮ ಇಬ್ಬರೂ ಮಿಷಿಗನ್ ಸರೋವರದಲ್ಲಿ ಹಾಯಿದೋಣಿ ತೆಗೆದುಕೊಂಡು ಹೋಗಿರುತ್ತಾರೆ. ಬಿರುಗಾಳಿಗೆ ದೋಣಿ ಮಗುಚುತ್ತದೆ. ಅಣ್ಣ ಬಕ್ ಮುಳುಗುತ್ತಾನೆ, ತಮ್ಮ ಕಾನ್ರಾಡ್ ಉಳಿಯುತ್ತಾನೆ. ಆಮೇಲೆ ಅವನು ತನ್ನ ಜೀವವನ್ನೇ ತೆಗೆದುಕೊಳ್ಳಲು ಹೋಗುತ್ತಾನೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಗಳೇ ಕಾದಂಬರಿ.

ಈಗ ಬೆತ್ ವಿಷಯಕ್ಕೆ ಬರ್ತೀನಿ. ಒಂದು ಅಧ್ಯಾಯ ಮಗನ ಕಣ್ಣಿನಿಂದ, ಇನ್ನೊಂದು ಅಪ್ಪ ಕ್ಯಾಲ್ವಿನ್ ಕಣ್ಣಿನಿಂದ. ಕಾದಂಬರಿ ಸಾಗುವುದೇ ಹಾಗೆ. ಬೆತ್ ಮನಸ್ಸಿನೊಳಗೆ ನಮ್ಮನ್ನು ಒಂದು ಸಲವೂ ಬಿಡುವುದಿಲ್ಲ. ಅವಳು ರಾತ್ರಿ ಒಬ್ಬಳೇ ಏನು ಯೋಚಿಸುತ್ತಿದ್ದಳು ಅನ್ನೋದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮಗೆ ಕಾಣುವುದು ಅವಳ ಬಿಗಿದ ಮುಖ, ಒಪ್ಪವಾದ ಮನೆ ಅಷ್ಟೇ. ಮಗನ ಕೈಗೆ ಸಿಗದ ಹಾಗೆ ದೂರ ನಿಂತಳು, ಕೊನೆಗೆ ಮನೆ ಬಿಟ್ಟೇ ಹೋದಳು. ಅದು ತಪ್ಪಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಬಕ್ ಸತ್ತದ್ದು ಅವಳಿಂದ ಅಲ್ಲವಲ್ಲ. ನಾವು ಓದುವವರು ಅವಳನ್ನು ಇಷ್ಟು ಬೇಗ ಕಟಕಟೆಯಲ್ಲಿ ನಿಲ್ಲಿಸುತ್ತೇವೆ, ಯಾಕೆ? ಸಾವಾದ ಮನೆಯಲ್ಲಿ ಯಾರಾದರೂ ಒಬ್ಬರು ತಪ್ಪಿತಸ್ಥರು ಸಿಕ್ಕರೆ ನಮಗೆ ಸಮಾಧಾನ. ನಮ್ಮೂರಲ್ಲಿ ಹೊಸದಾಗಿ ಬಂದ ಸೊಸೆಯ ಕಾಲ್ಗುಣ ಅಂದುಬಿಡ್ತಾರೆ. ಅಂಥ ಸೊಸೆ ಸಿಗದ ಮನೆಯಲ್ಲಿ ಬದುಕಿ ಉಳಿದವರು ಸುಮ್ನೆ ತಮ್ಮ ತಲೆಯ ಮೇಲೇ ಎಳೆದುಕೊಳ್ಳುತ್ತಾರೆ. ಕ್ಯಾಲ್ವಿನ್ ಕೂಡ ಅದನ್ನೇ ಮಾಡುತ್ತಾನೆ. ಮಗ ಸಾಯಲು ಹೊರಟದ್ದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ ಅಂತ ಒಳಗೊಳಗೇ ಬೇಯುತ್ತಾನೆ.

ನೀನು ಮೆಸೇಜಿನಲ್ಲಿ ಹಾರಿಸಿಬಿಟ್ಟ ಭಾಗ ಯಾವುದು ಗೊತ್ತಾ? ಆಸ್ಪತ್ರೆಯಲ್ಲಿ ಗೆಳತಿಯಾಗಿದ್ದ ಕ್ಯಾರೆನ್ ಜೀವ ತೆಗೆದುಕೊಂಡ ಸುದ್ದಿ ತಿಳಿದು ಕಾನ್ರಾಡ್ ಕುಸಿಯುತ್ತಾನೆ. ತನ್ನ ಮನೋವೈದ್ಯ ಡಾಕ್ಟರ್ ಬರ್ಗರ್ ಬಳಿ ಓಡುತ್ತಾನೆ. ಅಲ್ಲಿ ಸರೋವರದ ನೆನಪೆಲ್ಲ ನುಗ್ಗಿ ಬರುತ್ತದೆ. ಇಬ್ಬರೂ ದೋಣಿ ಹಿಡಿದುಕೊಂಡಿದ್ದರು. ಬಕ್‌ಗೆ ಕೈ ಸೋತಿತು, ಬಿಟ್ಟ. ಕಾನ್ರಾಡ್ ಬಿಡಲಿಲ್ಲ. ಇಷ್ಟು ದಿನ ಅವನು ತನಗೆ ಶಿಕ್ಷೆ ಕೊಟ್ಟುಕೊಂಡದ್ದು ಇದಕ್ಕೆ, ದೋಣಿ ಬಿಡದೆ ಹಿಡಿದುಕೊಂಡದ್ದಕ್ಕೆ! ಅದರಡಿಯಲ್ಲಿ ಇನ್ನೊಂದಿದೆ. ಅವನಿಗೆ ಅಣ್ಣನ ಮೇಲೆ ಸಿಟ್ಟು. ಯಾಕೆ ಕೈ ಬಿಟ್ಟೆ ಅನ್ನುವ ಸಿಟ್ಟು. ಬಕ್ ಎಲ್ಲರ ಮುದ್ದಿನ ಹುಡುಗ, ಮೇಲಾಗಿ ಸತ್ತವನು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ ಅಲ್ವಾ? ಹಾಗಾಗಿ ಅದನ್ನು ತನ್ನ ಮೇಲೇ ತಿರುಗಿಸಿಕೊಂಡ.

ನನ್ನ ಪ್ರಕಾರ ಇಡೀ ಪುಸ್ತಕ ನಿಂತಿರುವುದು ಈ ಜಾಗದಲ್ಲಿ. 1980ರಲ್ಲಿ ರಾಬರ್ಟ್ ರೆಡ್‌ಫೋರ್ಡ್ ಇದನ್ನು ಸಿನಿಮಾ ಮಾಡಿದರು, ಆಸ್ಕರ್ ಕೂಡ ಬಂತು. ಸಿನಿಮಾ ಆಮೇಲೆ ನೋಡು. ಮೊದಲು ಈ ಅಧ್ಯಾಯವನ್ನು ಇನ್ನೊಂದು ಸಲ ನಿಧಾನವಾಗಿ ಓದು.

ಇನ್ನು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಅಣ್ಣ ಹೋದ ದಿನದ ಬಗ್ಗೆ ನೀನು ಮಾತಾಡುವಾಗಲೆಲ್ಲ ಬೈಕಿನ ಕೀಲಿಯಿಂದಲೇ ಶುರು ಮಾಡ್ತೀಯ. ಮಳೆ ಬರುತ್ತಿತ್ತು, ಅವನು ಕೀಲಿ ಕೇಳಿದ, ನಾನು ಕೊಟ್ಟೆ, ಕೊಡಬಾರದಿತ್ತು. ಅಲ್ಲಿಗೇ ನಿಲ್ಲಿಸ್ತೀಯ. ಆದರೆ ಅವತ್ತು ನಿಮ್ಮ ಮನೆಗೆ ಬಂದಾಗ ನಾನು ನೋಡಿದ್ದು ಬೇರೆ. ಬಾಗಿಲ ಪಕ್ಕದ ಮೊಳೆಯಲ್ಲಿ ಅವನ ಹೆಲ್ಮೆಟ್ ನೇತಾಡುತ್ತಿತ್ತು. ಅದನ್ನು ತೆಗೆದುಕೊಳ್ಳದೆ ಹೋದವನು ಅವನು. ಇಷ್ಟು ವರ್ಷದಲ್ಲಿ ಆ ಹೆಲ್ಮೆಟ್ ಹೆಸರು ನಿನ್ನ ಬಾಯಲ್ಲಿ ಬಂದದ್ದೇ ಇಲ್ಲ.

ಕೀಲಿ ಕೇಳಿದ ಅಣ್ಣನಿಗೆ ಯಾವ ತಮ್ಮ ಇಲ್ಲ ಅಂತಾನೆ ಹೇಳು. ಹಾಗಂತ ತಪ್ಪನ್ನೆಲ್ಲ ಅಣ್ಣನ ಮೇಲೆ ಹೊರಿಸು ಅಂತಲ್ಲ. ಅವನಿಗೂ ಸಾಯುವ ಮನಸ್ಸಿರಲಿಲ್ಲ. ಆದರೆ ನಿನಗೆ ಅವನ ಮೇಲೆ ಸಿಟ್ಟಿದೆ, ಅದು ನನಗೆ ಕಾಣುತ್ತದೆ. ಸಿಟ್ಟು ಬಂದ ಮಾತ್ರಕ್ಕೆ ಅವನ ಮೇಲಿನ ಪ್ರೀತಿ ಕಡಿಮೆ ಆಗಲ್ಲ. ಅಮ್ಮನ ಮುಂದೆ ಅದನ್ನು ಆಡೋಕೆ ಆಗಲ್ಲ, ಅದೂ ಗೊತ್ತು.

ಭಾನುವಾರ ಬರ್ತೀನಿ. ಯಾಕೋ ಹಾಗೆ ಹೋದೆ ಅಂತ ಅವನನ್ನು ಜೋರಾಗಿ ಬೈಯಬೇಕು ಅನ್ನಿಸಿದರೆ ನನ್ನೆದುರು ಬೈ. ಸಂಜೆವರೆಗೂ ಕೂತು ಕೇಳ್ತೀನಿ.

ನಿನ್ನ,
ಗೆಳೆಯ