ಸರ್ವರ್ ಪಾಠದಲ್ಲಿ ಲಾಗ್ ಓದುವುದನ್ನೂ ಕಲಿಸಿ

ಸಂಪಾದಕರಿಗೆ ನಮಸ್ಕಾರ,

ನಾನು ಬಸವನಗುಡಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ತರಬೇತಿ ಕೇಂದ್ರಗಳಿಂದ ಸರ್ಟಿಫಿಕೇಟ್ ಹಿಡಿದು ಬರುವ ಮಕ್ಕಳು ಉಬುಂಟು (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಸರ್ವರನ್ನು ಕೈಯಾರೆ ಚೆನ್ನಾಗಿಯೇ ಹಾಕುತ್ತಾರೆ. ಯಾರೂ ಕೀಬೋರ್ಡ್ ಮುಟ್ಟದೆ ತಾನಾಗಿ ಆಗಬೇಕಾದ ಇನ್‌ಸ್ಟಾಲ್ ನಡುವೆ ನಿಂತರೆ ಮಾತ್ರ ಗಾಬರಿಯಾಗುತ್ತಾರೆ. ಸುಮ್ನೆ ರೀಸ್ಟಾರ್ಟ್ ಮಾಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಲಾಗ್ ಅಂದರೆ ಇನ್‌ಸ್ಟಾಲರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಾಖಲೆ, ಅದನ್ನು ಓದಲು ಯಾರೂ ಹೇಳಿಕೊಟ್ಟಿಲ್ಲ.

ಕಾರಣ ಬಹಳ ಸಲ ಚಿಕ್ಕದೇ. ಉತ್ತರಗಳನ್ನು ಮೊದಲೇ ಬರೆದಿಡುವ ಯಾಮಲ್ ಫೈಲಿನಲ್ಲಿ ಸಾಲು ಸರಿಸಲು ಸ್ಪೇಸ್ ಬದಲು ಟ್ಯಾಬ್ ಒತ್ತಿದರೆ ಸಾಕು, ಕೆಟ್ಟಿತು. ಫೈಲಿನಲ್ಲಿ ಡಿಸ್ಕ್ ಹೆಸರು ಎಸ್‌ಡಿಎ ಎಂದಿರುತ್ತದೆ, ಹೊಸ ಮಷೀನಿನಲ್ಲಿ ಇರುವುದು ಎನ್‌ವಿಎಂಇ. ಇನ್ನು ಮಷೀನ್ ಶುರುವಾಗುವಾಗ ಕೊಡುವ ಕರ್ನಲ್ ಸಾಲಿನಲ್ಲಿ 'ಆಟೋಇನ್‌ಸ್ಟಾಲ್' ಎಂಬ ಪದ ಇಲ್ಲದಿದ್ದರೆ, ಡಿಸ್ಕ್ ಅಳಿಸುವ ಮುಂಚೆ ಇನ್‌ಸ್ಟಾಲರ್ ಒಪ್ಪಿಗೆ ಕೇಳಿ ಕಾಯುತ್ತದೆ. ಅದು ಒಳ್ಳೆಯದೇ ಅಲ್ವಾ? ಇದ್ದ ಡೇಟಾ ಹೋದರೆ ಯಾರು ತಂದುಕೊಡುತ್ತಾರೆ?

ಎಲ್ಲಿ ತಪ್ಪಿತು ಎಂಬುದು ವಾರ್ ಫೋಲ್ಡರಿನ ಲಾಗ್ ಒಳಗಿನ ಇನ್‌ಸ್ಟಾಲರ್ ಫೋಲ್ಡರಿನಲ್ಲಿ ಬರೆದಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿದರೆ ಕಮಾಂಡ್ ಬರೆಯುವ ಪರದೆ ಬರುತ್ತದೆ, ಅದನ್ನು ಅಲ್ಲೇ ಓದಬಹುದು. ಇನ್‌ಸ್ಟಾಲ್ ಮುಗಿಯದೆ ನಿಂತಾಗ ಆ ಲಾಗ್ ಇರುವುದು ರ‍್ಯಾಮ್‌ನಲ್ಲಿ. ರೀಸ್ಟಾರ್ಟ್ ಮಾಡಿದರೆ ಸುಳಿವೇ ಅಳಿದುಹೋಗುತ್ತದೆ. ವಿಂಡೋಸ್ ಸರ್ವರ್ ಆದರೆ ಪ್ಯಾಂಥರ್ ಫೋಲ್ಡರ್ ನೋಡಬೇಕು.

ನಗರದ ತರಬೇತಿ ಕೇಂದ್ರಗಳು ಬೇಕೆಂದೇ ಫೈಲ್ ಕೆಡಿಸಿ ಕೊಟ್ಟು, ಮಕ್ಕಳ ಕೈಯಲ್ಲೇ ತಪ್ಪು ಹುಡುಕಿಸಲಿ. ನಿಮ್ಮ ತಂತ್ರಜ್ಞಾನ ಪುಟದಲ್ಲೂ ಹೊಸ ಮೊಬೈಲ್ ಸುದ್ದಿಯ ಪಕ್ಕದಲ್ಲಿ ಇಂಥ ಕೆಲಸದ ವಿಷಯಕ್ಕೆ ಸ್ವಲ್ಪ ಜಾಗ ಕೊಡಿ.

– ಲ್ಯಾಬ್ ಸಹಾಯಕಿ, ಬಸವನಗುಡಿ, ಬೆಂಗಳೂರು